ಎಂಆರ್‌ಐ ರೂಮಿನಲ್ಲಿ ಕೆಲಸ: ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಕಲಬುರಗಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಈಗ ಮೂರು ತಿಂಗಳ ಗರ್ಭಿಣಿ. ಎಂಆರ್‌ಐ ರೇಡಿಯೇಷನ್ ಮಗುವಿಗೆ ತಾಗುತ್ತದೆ, ಕೆಲಸ ಬಿಡು ಅಂತ ಮನೆಯವರು ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಕೆಲಸ ಬಿಡಬೇಡಿ, ತಂಗಿ. ಎಷ್ಟು ಸಲ ಹೇಳಿದರೂ ಈ ಭಯ ಹೋಗುತ್ತಿಲ್ಲ. ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ. ಇರುವುದು ದೊಡ್ಡ ಮ್ಯಾಗ್ನೆಟ್ ಮತ್ತು ರೇಡಿಯೋ ತರಂಗ. ಎಕ್ಸ್‌ರೇ ಇರುವುದು ಸಿಟಿ ಸ್ಕ್ಯಾನ್ ರೂಮಿನಲ್ಲಿ. ಅಲ್ಲಿ ಡ್ಯೂಟಿ ಬೀಳುತ್ತಿದ್ದರೆ, ಗರ್ಭಿಣಿ ಎಂದು ಇವತ್ತೇ ಬರೆದು ಕೊಡಿ.

ಹಾಗಂತ ಈ ಮ್ಯಾಗ್ನೆಟ್ ಸಣ್ಣದಲ್ಲ. ಮ್ಯಾಗ್ನೆಟ್ಟಿನ ಬಲ ಅಳೆಯುವುದು ಟೆಸ್ಲಾದಲ್ಲಿ; 1.5 ಟೆಸ್ಲಾ ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಪೇಷೆಂಟ್ ಮಲಗುವ ಟನಲ್ ಬಾಯಿಗೆ ಬಗ್ಗಿ ಗಕ್ಕನೆ ತಲೆ ತಿರುಗಿಸಿದರೆ ತಲೆ ಸುತ್ತುತ್ತದೆ, ಕೆಲವರಿಗೆ ಬಾಯಲ್ಲಿ ಲೋಹದ ರುಚಿ ಬರುತ್ತದೆ. ದೂರ ಬಂದರೆ ಹೋಗುತ್ತದೆ. ಕೆಲಸಗಾರರ ತಲೆ ಮತ್ತು ಮೈಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯವಾಗಿ 2 ಟೆಸ್ಲಾ ಮಿತಿ ಇಟ್ಟಿರುವುದೂ ಇಂಥ ತೊಂದರೆಗಾಗಿಯೇ. ನಿಮ್ಮಲ್ಲಿ 3 ಟೆಸ್ಲಾ ಮಷೀನ್ ಇದ್ದರೆ ಟನಲ್ ಒಳಗೆ ತಲೆ ಹಾಕಲೇಬೇಡಿ.

ಪೇಷೆಂಟನ್ನು ಮಲಗಿಸಿ, ಕಾಯಿಲ್ (ಮೈಯಿಂದ ಸಿಗ್ನಲ್ ಹಿಡಿಯುವ ಸಾಧನ) ಕಟ್ಟಿ, ನಿಧಾನಕ್ಕೆ ಹೊರಗೆ ಬನ್ನಿ. ಸ್ಕ್ಯಾನ್ ನಡೆಯುವಾಗ ಒಳಗೆ ನಿಲ್ಲಬೇಡಿ. ಸದ್ದೇ 100 ಡೆಸಿಬಲ್ ದಾಟುತ್ತದೆ. ಎಂಆರ್‌ಐ ಸಿಬ್ಬಂದಿಯ ಅಧ್ಯಯನಗಳಲ್ಲಿ ಗರ್ಭಕ್ಕೆ ಸ್ಪಷ್ಟ ಹಾನಿ ಕಂಡಿಲ್ಲ. ಆದರೂ ಈ ವಿಷಯದಲ್ಲಿ ನಾನು ಒಂದು ಹೆಜ್ಜೆ ಹಿಂದೆಯೇ ನಿಲ್ಲುವವನು.

ನನಗೆ ನಿಜವಾಗಿ ಭಯ ಇರುವುದು ಬಳೆಗೆ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ನಿನದು, ಜೇಬಿನ ಕತ್ತರಿಯದು. ಮ್ಯಾಗ್ನೆಟ್ ಎಳೆದರೆ ಅವು ಟನಲ್ಲಿನಲ್ಲಿ ಮಲಗಿದವರ ಮುಖದ ಕಡೆಗೇ ಹಾರುತ್ತವೆ. 2018ರಲ್ಲಿ ಮುಂಬೈಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ರೂಮಿಗೆ ಹೋದ ಒಬ್ಬರು ಜೀವವನ್ನೇ ಕಳೆದುಕೊಂಡರು. ಬಾಗಿಲ ಹೊರಗೇ ಜೇಬು, ಬಳೆ, ಕೂದಲು ಮುಟ್ಟಿ ನೋಡಿಕೊಳ್ಳಿ. ಪ್ರತಿ ಸಲ.

ಪ್ರಶ್ನೆ: ಎಂಆರ್‌ಐ ಟೆಕ್ನಿಷಿಯನ್‌ಗೆ ಟಿಎಲ್‌ಡಿ ಬ್ಯಾಡ್ಜ್ ಯಾಕೆ ಕೊಡುವುದಿಲ್ಲ? (ಯಾದಗಿರಿ)

ಉತ್ತರ: ಅದು ಎಕ್ಸ್‌ರೇಯಂಥ ವಿಕಿರಣ ಅಳೆಯುತ್ತದೆ, ಮ್ಯಾಗ್ನೆಟ್ಟನ್ನಲ್ಲ.

ಪ್ರಶ್ನೆ: ಎಂಆರ್‌ಐ ಶಕ್ತಿಯನ್ನು ಹೀರುತ್ತದೆ ಅಂತ ತಾಮ್ರದ ಕಡಗ ಕೊಟ್ಟಿದ್ದಾರೆ. ಹಾಕಿಕೊಳ್ಳಲೇ? (ಕಲಬುರಗಿ)

ಉತ್ತರ: ತಾಮ್ರದ ಕಡಗ ಏನನ್ನೂ ಹೀರುವುದಿಲ್ಲ. ಕೊಟ್ಟವರು ಸುಳ್ಳು ಹೇಳಿ ದುಡ್ಡು ಮಾಡುತ್ತಿದ್ದಾರೆ. ವಾಪಸ್ ಮಾಡಿ ದುಡ್ಡು ಕೇಳಿ.

ಪ್ರಶ್ನೆ: ರಾತ್ರಿ ಮಷೀನ್ ಬಂದ್ ಆದ ಮೇಲೆ ರೂಮು ಒರೆಸಲು ಕಬ್ಬಿಣದ ಬಕೆಟ್ ಒಯ್ಯಬಹುದಾ? (ಬೀದರ್, ಹೌಸ್‌ಕೀಪಿಂಗ್)

ಉತ್ತರ: ಬೇಡವೇ ಬೇಡ. ರಾತ್ರಿ ಬಂದ್ ಆಗುವುದು ಕಂಪ್ಯೂಟರ್, ಮ್ಯಾಗ್ನೆಟ್ ಅಲ್ಲ. ಕರೆಂಟ್ ಹೋದರೂ ಅದು ಎಳೆಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಬಕೆಟ್ಟು, ಪ್ಲಾಸ್ಟಿಕ್ ಹಿಡಿಯ ಮಾಪ್ ಕೇಳಿ ತೆಗೆದುಕೊಳ್ಳಿ. ಕೊಡದಿದ್ದರೆ ಒಳಗೆ ಹೋಗಬೇಡಿ ಅಣ್ಣಾ.