ಮಾದರಿ ವಿಮಾನದ ರೇಡಿಯೋ ಜೋಡಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸುಮಾರು 1.4 ಮೀಟರ್ ರೆಕ್ಕೆಯ ಫೋಮ್ ಟ್ರೇನರ್ (ಕಲಿಯುವವರ ವಿಮಾನ) ಕಟ್ಟಿದ್ದೇನೆ. ಏಲರಾನ್‌ಗಳಿಗೆ (ರೆಕ್ಕೆಯ ಹಿಂಬದಿಯ ಅಲುಗುವ ಪಟ್ಟಿಗಳು) ಎರಡು 9 ಗ್ರಾಂ ಸರ್ವೋ (ಅವನ್ನು ಅಲುಗಿಸುವ ಪುಟ್ಟ ಮೋಟರ್) ಹಾಕಿ, ಎರಡನ್ನೂ ವೈ ತಂತಿಯಲ್ಲಿ ಸೇರಿಸಿ ಒಂದನೇ ಚಾನೆಲ್‌ಗೆ ಕೊಟ್ಟಿದ್ದೇನೆ. ಸ್ಟಿಕ್ ಬಲಕ್ಕೆ ತಳ್ಳಿದರೆ ಎರಡೂ ಏಲರಾನ್ ಒಟ್ಟಿಗೆ ಮೇಲೇಳುತ್ತವೆ. ರಿವರ್ಸ್ ಮಾಡಿದರೆ ಎರಡೂ ಕೆಳಗಿಳಿಯುತ್ತವೆ. ಸರಿಪಡಿಸುವುದು ಹೇಗೆ? ಒಟ್ಟಾರೆ ಯಾವ ಕ್ರಮದಲ್ಲಿ ಜೋಡಿಸಬೇಕು?
(ಓದುಗರು, ಕುಮಟಾ)

ಉತ್ತರ: ನಿಮ್ಮ ಎರಡೂ ಸರ್ವೋಗಳ ಶಾಫ್ಟ್ ಒಂದೇ ದಿಕ್ಕಿಗೆ ಮುಖ ಮಾಡಿವೆ. ವೈ ತಂತಿ ಎರಡಕ್ಕೂ ಒಂದೇ ಸಂಕೇತ ಕೊಡುತ್ತದೆ. ಏಲರಾನ್‌ಗಳು ಒಂದಕ್ಕೊಂದು ವಿರುದ್ಧವಾಗಿ ಚಲಿಸಬೇಕಾದರೆ ಸರ್ವೋಗಳನ್ನೇ ಎದುರುಬದುರಾಗಿ ಕೂರಿಸಬೇಕು. ಎಡ ರೆಕ್ಕೆಯದು ಎಡ ತುದಿಯತ್ತ, ಬಲ ರೆಕ್ಕೆಯದು ಬಲ ತುದಿಯತ್ತ. ಇಲ್ಲವೇ ಎರಡೂ ಒಳಮುಖವಾಗಿ. ಒಂದು ಸರ್ವೋ ಬಿಚ್ಚಿ ತಿರುಗಿಸಿ ಅಂಟಿಸಿದರೆ ಮುಗಿಯಿತು. ಬಿಚ್ಚಲು ಆಗದಿದ್ದರೆ ವೈ ತಂತಿ ತೆಗೆದು ಎರಡನ್ನೂ ಬೇರೆ ಬೇರೆ ಚಾನೆಲ್‌ಗೆ (ಉದಾಹರಣೆಗೆ 1 ಮತ್ತು 6) ಕೊಟ್ಟು, ಟ್ರಾನ್ಸ್‌ಮಿಟರ್‌ನಲ್ಲಿ (ಕೈಯಲ್ಲಿ ಹಿಡಿಯುವ ನಿಯಂತ್ರಕ) ಎರಡು ಏಲರಾನ್ ಸರ್ವೋ ಇರುವ ರೆಕ್ಕೆ ಎಂದು ಆರಿಸಿ, ಒಂದನ್ನು ಮಾತ್ರ ರಿವರ್ಸ್ ಮಾಡಿ.

ಇನ್ನು ಕ್ರಮ. ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ಬೆರಳು ಕತ್ತರಿಸಿಕೊಂಡವರೆಲ್ಲ ‘ಬರೀ ಒಂದು ಸಲ ನೋಡೋಣ’ ಎಂದವರೇ. ಟ್ರಾನ್ಸ್‌ಮಿಟರ್‌ನಲ್ಲಿ ಹೊಸ ಮಾಡೆಲ್ ತೆರೆದು ಟ್ರಿಮ್, ಸಬ್‌ಟ್ರಿಮ್ (ಸರ್ವೋದ ನಡು ಸ್ಥಾನ ತಿದ್ದುವ ಹೊಂದಿಕೆಗಳು) ಎರಡನ್ನೂ ಸೊನ್ನೆಗೆ, ಟ್ರಾವೆಲ್ (ಸರ್ವೋ ಚಲನೆಯ ಮಿತಿ) 100 ಶೇಕಡಾಕ್ಕೆ ತನ್ನಿ. ವಿಮಾನದೊಳಗಿನ ರಿಸೀವರ್ ಅನ್ನು ಟ್ರಾನ್ಸ್‌ಮಿಟರ್‌ಗೆ ಬೈಂಡ್ ಮಾಡಿ (ಹೊಂದಿಸಿ) ಚಾನೆಲ್ ಕ್ರಮ ನೋಡಿಕೊಳ್ಳಿ. ಫ್ಲೈಸ್ಕೈ, ಫುಟಾಬಾ ಸೆಟ್‌ಗಳಲ್ಲಿ 1 ಏಲರಾನ್, 2 ಎಲಿವೇಟರ್ (ಬಾಲದ ಅಡ್ಡ ಪಟ್ಟಿ), 3 ಥ್ರಾಟಲ್ (ಮೋಟರ್ ವೇಗ), 4 ರಡ್ಡರ್ (ಬಾಲದ ನಿಂತ ಪಟ್ಟಿ). ಸ್ಪೆಕ್ಟ್ರಮ್‌ನಲ್ಲಿ ಥ್ರಾಟಲ್ ಮೊದಲು ಬರುತ್ತದೆ. ಒಬ್ಬರ ವಿಡಿಯೋ ನೋಡಿ ಇನ್ನೊಂದು ಕಂಪನಿಯ ರಿಸೀವರ್‌ಗೆ ಚುಚ್ಚಿದರೆ ಎಲಿವೇಟರ್ ಎಳೆದಾಗ ಮೋಟರ್ ತಿರುಗುತ್ತದೆ.

ಈಗ ಕರೆಂಟ್ ಕೊಟ್ಟು, ಸ್ಟಿಕ್ ಮುಟ್ಟದೆ, ಸರ್ವೋ ನಡು ಸ್ಥಾನಕ್ಕೆ ಬಂದ ಮೇಲೆ ಆರ್ಮ್ (ಶಾಫ್ಟಿಗೆ ಹಾಕುವ ಕೈ) ಕೂರಿಸಿ. ಪುಶ್‌ರಾಡ್ (ಸರ್ವೋದಿಂದ ಪಟ್ಟಿಗೆ ಹೋಗುವ ತಂತಿ) ಕೊಂಡಿಗೆ ಆರ್ಮ್ ನೇರ 90 ಡಿಗ್ರಿ ಇರಬೇಕು. ಶಾಫ್ಟಿನ ಹಲ್ಲುಗಳ ದೆಸೆಯಿಂದ ಅದು ಸಲೀಸಾಗಿ ಸಿಗುವುದಿಲ್ಲ. ಒಂದು ಹಲ್ಲು ಸರಿದರೆ 15 ಡಿಗ್ರಿ ಆಸುಪಾಸು ವ್ಯತ್ಯಾಸ. ಇಲ್ಲೊಂದು ಉಪಾಯವಿದೆ. ಸಾಮಾನ್ಯವಾಗಿ ಹಲ್ಲುಗಳು ಬೆಸ ಸಂಖ್ಯೆಯಲ್ಲಿರುತ್ತವೆ. ಹಾಗಾಗಿ ಎರಡು ಕೈಯ ಆರ್ಮ್ ತೆಗೆದು, ಇನ್ನೊಂದು ಕೈ ಈ ಬದಿಗೆ ಬರುವಂತೆ ತಿರುಗಿಸಿ ಹಾಕಿದರೆ ಅರ್ಧ ಹಲ್ಲಿನಷ್ಟು ಬದಲಾಗುತ್ತದೆ. ನಾಲ್ಕು ಕೈಯ ಆರ್ಮ್ ಆದರೆ ಒಂದೊಂದನ್ನೇ ನೋಡಿ, ಸರಿ ಕಂಡದ್ದನ್ನು ಇಟ್ಟುಕೊಂಡು ಉಳಿದವನ್ನು ಕತ್ತರಿಸಿ. ಇಷ್ಟಾದ ಮೇಲೂ ಉಳಿಯುವ ಎರಡು ಮೂರು ಡಿಗ್ರಿಗೆ ಸಬ್‌ಟ್ರಿಮ್ ಇದೆ. ಇಪ್ಪತ್ತು ಡಿಗ್ರಿ ವಾರೆಯಾಗಿ ಕೂರಿಸಿ ಸಬ್‌ಟ್ರಿಮ್‌ನಿಂದ ನೇರ ಮಾಡಿದರೆ ಒಂದು ಕಡೆಯ ಚಲನೆ ಮೊದಲೇ ಖರ್ಚಾಗಿ ಏಲರಾನ್ ಮೇಲೆ ಹೆಚ್ಚು, ಕೆಳಗೆ ಕಡಿಮೆ ಹೋಗುತ್ತದೆ. ತಂತಿಯಲ್ಲಿ ಆಗುವ ಕೆಲಸವನ್ನು ಟ್ರಾನ್ಸ್‌ಮಿಟರ್‌ನಲ್ಲಿ ಮಾಡಬಾರದು.

ಪುಶ್‌ರಾಡ್‌ಗೆ 1.2ರಿಂದ 1.5 ಮಿ.ಮೀ. ಉಕ್ಕಿನ ತಂತಿ ಸಾಕು. ಸರ್ವೋ ಬದಿಗೆ ಝಡ್ ಆಕಾರದ ಬಾಗು, ಹಾರ್ನ್ (ಪಟ್ಟಿಗೆ ಅಂಟಿಸಿದ ತೂತುಗಳ ಕೊಂಬು) ಬದಿಗೆ ಕ್ಲೆವಿಸ್ (ಚಿಮುಟದಂಥ ಕೊಂಡಿ). ಅದರ ಮೇಲೆ ಪೆಟ್ರೋಲ್ ಪೈಪಿನ ಸಣ್ಣ ತುಂಡು ಹಾಕಿದರೆ ಕಳಚುವುದಿಲ್ಲ. ಹಾರ್ನಿನ ತೂತು ಹಿಂಜ್ (ಕೀಲು) ಗೆರೆಯ ನೇರಕ್ಕೆ ಬರಲಿ. ಸರ್ವೋ ಆರ್ಮ್‌ನಲ್ಲಿ ಒಳಗಿನ ತೂತು, ಹಾರ್ನ್‌ನಲ್ಲಿ ಹೊರಗಿನ ತೂತು ಹಿಡಿಯಿರಿ. ಬಲ ಹೆಚ್ಚು, ಸಡಿಲು ಕಡಿಮೆ. ಹೊರಗಿನ ತೂತಿಗೆ ಕಟ್ಟಿ ಟ್ರಾವೆಲ್ ಅನ್ನು 40 ಶೇಕಡಾಕ್ಕೆ ಇಳಿಸುವವರಿದ್ದಾರೆ. ಚಲನೆ ಅಷ್ಟೇ ಬರುತ್ತದೆ, ಆದರೆ ಗೇರಿನ ಸಡಿಲು ಎರಡೂವರೆ ಪಟ್ಟು ದೊಡ್ಡದಾಗಿ ಏಲರಾನ್ ತುದಿಯಲ್ಲಿ ಕಾಣುತ್ತದೆ.

ದಿಕ್ಕನ್ನು ವಿಮಾನದ ಹಿಂದೆ ನಿಂತು ನೋಡಿ, ಎದುರು ನಿಂತು ಅಲ್ಲ. ಸ್ಟಿಕ್ ಬಲಕ್ಕೆ ಹೋದರೆ ಬಲ ಏಲರಾನ್ ಮೇಲೆ, ಎಡದ್ದು ಕೆಳಗೆ. ಸ್ಟಿಕ್ ನಿಮ್ಮತ್ತ ಎಳೆದರೆ ಎಲಿವೇಟರ್ ಮೇಲೆ. ರಡ್ಡರ್ ಬಲಕ್ಕೆ ಕೊಟ್ಟರೆ ಅದರ ಹಿಂಬದಿ ಬಲಕ್ಕೆ. ನಿಮ್ಮ ಅಳತೆಯ ಟ್ರೇನರ್‌ಗೆ ಏಲರಾನ್, ಎಲಿವೇಟರ್ ಮೇಲೂ ಕೆಳಗೂ 10ರಿಂದ 12 ಮಿ.ಮೀ., ರಡ್ಡರ್ ಎರಡೂ ಕಡೆ 20 ಮಿ.ಮೀ. ಹೋದರೆ ಆರಂಭಕ್ಕೆ ಸಾಕು. ಎಕ್ಸ್‌ಪೋ (ಸ್ಟಿಕ್ಕಿನ ನಡುಭಾಗದ ಚಲನೆಯನ್ನು ಮೆದು ಮಾಡುವ ಹೊಂದಿಕೆ) 25 ಶೇಕಡಾ. ಆದರೆ ಮೆದು ಮಾಡಲು ಕೆಲವು ಸೆಟ್‌ಗಳಲ್ಲಿ ಪ್ಲಸ್, ಕೆಲವದರಲ್ಲಿ ಮೈನಸ್ ಕೊಡಬೇಕು. ಪರದೆಯ ಗೆರೆ ನಡುವೆ ಚಪ್ಪಟೆಯಾಯಿತೇ ಎಂದು ನೋಡಿ.

ತೂಕದ ಸಮತೋಲ ಕೊನೆಗೆ, ಬ್ಯಾಟರಿ ಸಮೇತ. ರೆಕ್ಕೆಯ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 25ರಿಂದ 30 ಶೇಕಡಾದಲ್ಲಿ ವಿಮಾನ ಸಮ ತೂಗಬೇಕು. ಅಗಲ 22 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 5.5ರಿಂದ 6.6 ಸೆಂ.ಮೀ. ಹಿಂದೆ ಎರಡು ಬೆರಳ ಮೇಲೆ ಎತ್ತಿದಾಗ ಮೂತಿ ತುಸುವೇ ಬಾಗಬೇಕು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿ. ಸೀಸದ ತುಂಡು ಕೊನೆಯ ದಾರಿ.

ಪ್ರಶ್ನೆ: ನೂರೈವತ್ತು ಮೀಟರ್ ದೂರ ಹೋಗುತ್ತಿದ್ದಂತೆ ವಿಮಾನ ಒಂದೆರಡು ಕ್ಷಣ ಮಾತು ಕೇಳುವುದಿಲ್ಲ. ಸೆಟ್ 2.4 ಗಿಗಾಹರ್ಟ್ಸ್‌ನದು. ರಿಸೀವರ್ ಬದಲಿಸಬೇಕೇ?
(ಓದುಗರು, ಅಂಕೋಲಾ)

ಉತ್ತರ: ಬದಲಿಸುವ ಮೊದಲು ಆಂಟೆನಾ ನೋಡಿ. ಈ ಆವರ್ತನದ ತರಂಗ 12.5 ಸೆಂ.ಮೀ. ಉದ್ದ, ಕೆಲಸ ಮಾಡುವುದು ಅದರ ಕಾಲು ಭಾಗ. ಅಂದರೆ ಕವಚ ಸುಲಿದ ತುದಿಯ ಸುಮಾರು 31 ಮಿ.ಮೀ. ತಂತಿ. ಅದು ಮಡಚಿದ್ದರೆ, ತುಂಡಾಗಿದ್ದರೆ, ಬ್ಯಾಟರಿ ಕೆಳಗೆ ಸಿಕ್ಕಿದ್ದರೆ ದೂರ ಸಿಗದು. ಎರಡು ಆಂಟೆನಾ ಇದ್ದರೆ ಒಂದು ಅಡ್ಡ, ಒಂದು ಉದ್ದ, ನಡುವೆ 90 ಡಿಗ್ರಿ. ಕಾರ್ಬನ್ ರಾಡ್, ಮೋಟರ್ ತಂತಿಗಳಿಂದ ದೂರವಿರಲಿ. ಸ್ಟ್ರಾ ನಳಿಗೆಯೊಳಗೆ ತೂರಿಸಿ ಫೋಮಿಗೆ ಅಂಟಿಸಿದರೆ ಜಾಗ ಬಿಟ್ಟು ಅಲುಗುವುದಿಲ್ಲ. ಟ್ರಾನ್ಸ್‌ಮಿಟರ್ ಆಂಟೆನಾದ ತುದಿಯನ್ನು ವಿಮಾನಕ್ಕೆ ಗುರಿ ಹಿಡಿಯಬೇಡಿ. ಸಂಕೇತ ಅತಿ ಕ್ಷೀಣವಾಗುವುದು ಅಲ್ಲೇ.

ಎರಡನೇ ಅನುಮಾನ ವಿದ್ಯುತ್ತಿನ ಮೇಲೆ. ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ) ಒಳಗಿನ ಬಿಇಸಿ (ರಿಸೀವರ್, ಸರ್ವೋಗಳಿಗೆ ವೋಲ್ಟೇಜ್ ಇಳಿಸಿ ಕೊಡುವ ಭಾಗ) ಲೀನಿಯರ್ ಬಗೆಯದಾದರೆ 12 ವೋಲ್ಟ್ ಅನ್ನು 5ಕ್ಕೆ ಇಳಿಸುವಾಗ ಉಳಿದ 7 ವೋಲ್ಟ್ ಬಿಸಿಯಾಗಿ ಹೋಗುತ್ತದೆ. ಸರ್ವೋಗಳು 1 ಆಂಪಿಯರ್ ಎಳೆದರೆ 7 ವಾಟ್. ಮುಚ್ಚಿದ ಮೂತಿಯೊಳಗೆ, ನಮ್ಮ ಕರಾವಳಿಯ ಸೆಕೆಯಲ್ಲಿ, ಬಿಇಸಿ ಕಾದು ಕ್ಷಣಕಾಲ ನಿಂತರೆ ರಿಸೀವರ್ ಮತ್ತೆ ಶುರುವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಅದು ರೇಡಿಯೋ ದೋಷದಂತೆಯೇ ಕಾಣುತ್ತದೆ. ಗಾಳಿಗೆ ಕಿಂಡಿ ಬಿಡಿ, ಇಲ್ಲವೇ 3 ಆಂಪಿಯರ್‌ನ ಯುಬಿಇಸಿ (ಪ್ರತ್ಯೇಕ ಬಿಇಸಿ) ಹಾಕಿ. ಹಾಕಿದಾಗ ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಮೂರು ತಂತಿಗಳಲ್ಲಿ ಕೆಂಪನ್ನು ಮಾತ್ರ ಪ್ಲಗ್‌ನಿಂದ ಬಿಡಿಸಿ ಟೇಪ್ ಸುತ್ತಿಡಿ.

ಫೇಲ್‌ಸೇಫ್ ಇಟ್ಟಿದ್ದೀರಾ? ಸಂಕೇತ ತಪ್ಪಿದರೆ ಕೆಲವು ರಿಸೀವರ್‌ಗಳು ಕೊನೆಯ ಸ್ಥಾನವನ್ನೇ ಹಿಡಿದಿರುತ್ತವೆ, ಥ್ರಾಟಲ್ ಪೂರ್ತಿ ಇದ್ದರೆ ಪೂರ್ತಿಯೇ. ಥ್ರಾಟಲ್ ಸೊನ್ನೆಗೆ ಬರುವಂತೆ ಹೊಂದಿಸಿ, ಪ್ರೊಪೆಲ್ಲರ್ ಬಿಚ್ಚಿ, ಮೋಟರ್ ಓಡುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ. ಆಮೇಲೆ ರೇಂಜ್ ಟೆಸ್ಟ್ ಮೋಡ್‌ನಲ್ಲಿ (ಸಂಕೇತ ತಗ್ಗಿಸಿ ದೂರ ಪರೀಕ್ಷಿಸುವ ವ್ಯವಸ್ಥೆ) ಮೂವತ್ತು ಹೆಜ್ಜೆ ನಡೆದು, ಮೋಟರ್ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ ಸರ್ವೋ ನೋಡಿ. ಓಡುವಾಗ ಮಾತ್ರ ತಡವರಿಸಿದರೆ ಅನುಮಾನ ಇಎಸ್‌ಸಿ ಮೇಲೆ.

ಪ್ರಶ್ನೆ: ಮಳೆಗಾಲ ಕಳೆದು ವಿಮಾನ ತೆಗೆದರೆ ಎಲಿವೇಟರ್ ಸರ್ವೋ ಸದಾ ಗುಂಯ್‌ಗುಡುತ್ತದೆ, ನಡುಗುತ್ತದೆ.
(ಓದುಗರು, ಶಿರಸಿ)

ಉತ್ತರ: ಕ್ಲೆವಿಸ್ ಬಿಚ್ಚಿ ನೋಡಿ. ಸದ್ದು ನಿಂತರೆ ಸರ್ವೋ ಸರಿಯಿದೆ. ಥಂಡಿಗೆ ಬಾಲ್ಸಾ ಮರ ಊದಿ ಹಿಂಜ್ ಬಿಗಿಯಾಗಿದೆ ಅಥವಾ ತಂತಿ ತುಕ್ಕು ಹಿಡಿದು ನಳಿಗೆಯಲ್ಲಿ ಸಿಕ್ಕಿಕೊಂಡಿದೆ. ಬಿಚ್ಚಿದ ಮೇಲೂ ನಡುಗಿದರೆ ಒಳಗಿನ ಪೊಟೆನ್ಶಿಯೋಮೀಟರ್ (ಶಾಫ್ಟಿನ ಸ್ಥಾನ ಅಳೆಯುವ ಭಾಗ) ಹಾಳಾಗಿದೆ. 9 ಗ್ರಾಂ ಸರ್ವೋ ರಿಪೇರಿಗೆ ಕೂರಬೇಡಿ, ಹೊಸದು ಹಾಕಿ. ಪ್ಲಗ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಮುಂದಿನ ಮಳೆಗಾಲಕ್ಕೆ ರಿಸೀವರ್, ಸರ್ವೋಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬೂಸ್ಟು ಹಿಡಿಯದಿರಲೆಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಯೋಚನೆ ಬಿಟ್ಟುಬಿಡಿ. ಬಿಸಿಗೆ ಹಾಟ್ ಗ್ಲೂ ಸಡಿಲವಾಗುತ್ತದೆ, ಹೊದಿಕೆ ಎಳೆದು ರೆಕ್ಕೆ ತಿರುಚುತ್ತದೆ.

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಹಾರಿಸಬಹುದೇ?
(ಓದುಗರು, ಕಾರವಾರ)

ಉತ್ತರ: 2021ರ ಡ್ರೋನ್ ನಿಯಮಗಳಲ್ಲಿ 25 ಕೆ.ಜಿ. ಒಳಗಿನ, ಕಣ್ಣಳತೆಯಲ್ಲೇ ಹಾರಿಸುವ ಹವ್ಯಾಸದ ಮಾದರಿಗಳ ಪ್ರಸ್ತಾಪವೂ ಇದೆ. ಮೊದಲು ಸರ್ಕಾರದ ಡ್ರೋನ್ ತಾಣ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ನೋಡಿ. ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ, ಒಳನಾಡಿನಲ್ಲಿ ಕೈಗಾ ಅಣುಸ್ಥಾವರ ಇರುವ ತಾಲ್ಲೂಕು ಇದು. ನಕ್ಷೆಯ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹಾರಿಸಬಹುದಾದ ಜಾಗದಲ್ಲೂ ಮರಳಿಗಿಂತ ಕೊಯ್ಲಾದ ಗದ್ದೆ ಬಯಲು ಮೇಲು. ಮರಳಿನ ಕಪ್ಪು ಕಣಗಳು ಮೋಟರಿನ ಅಯಸ್ಕಾಂತಕ್ಕೆ ಅಂಟಿ ಕೆರೆಯುತ್ತವೆ. ಹೊಸಬರು ಕಡಲ ಗಾಳಿ ಏಳುವ ಮೊದಲು, ಬೆಳಗ್ಗೆಯೇ ಹಾರಿಸಿ.

ಪ್ರಶ್ನೆ: 3 ಸೆಲ್, 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಊದಿಕೊಂಡಿದೆ. ಬಳಸಬಹುದೇ?
(ಓದುಗರು, ಹೊನ್ನಾವರ)

ಉತ್ತರ: ಬೇಡ. ಬಯಲಿನಲ್ಲಿಟ್ಟು 12 ವೋಲ್ಟ್, 21 ವಾಟ್‌ನ ಕಾರಿನ ಬಲ್ಬ್ ಹಚ್ಚಿ ಪೂರ್ತಿ ಖಾಲಿ ಮಾಡಿ, ಪ್ಲಗ್‌ಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಇಟ್ಟರೆ ಹೀಗಾಗುತ್ತದೆ. ಹೊಸದನ್ನು 2.2 ಆಂಪಿಯರ್‌ಗೆ ಮೀರದಂತೆ ಬ್ಯಾಲೆನ್ಸ್ ಚಾರ್ಜ್ (ಎಲ್ಲ ಸೆಲ್‌ಗೂ ಸಮವಾಗಿ) ಮಾಡಿ. ಹಾರಾಟ ಇಲ್ಲದ ದಿನಗಳಲ್ಲಿ ಸೆಲ್‌ಗೆ 3.8 ವೋಲ್ಟ್, ಅಂದರೆ ಒಟ್ಟು 11.4ರಲ್ಲಿ ಇಡಿ.