ಬಿಳಿ ಮರಿಯೋ, ಬಡಕಲು ಮರಿಯೋ? ಮುಧೋಳ ನಾಯಿ ಕೇಳಿದ ತಮ್ಮನಿಗೆ

ತಮ್ಮಾ, ಮುಧೋಳ ನಾಯಿ ಮರಿ ಕೊಳ್ಳಬೇಕು, ಎರಡರಲ್ಲಿ ಯಾವುದು ತಗೊಳ್ಳಲಿ ಅಂತ ಕೇಳಿ ನೀನು ಹಾಕಿದ ಎರಡೂ ಫೋಟೋ ನೋಡಿದೆ. ಅಚ್ಚ ಬಿಳಿ ಮೈ, ಗುಲಾಬಿ ಮೂಗು, ಅಗಲ ಎದೆಯ ಮರಿಗೆ ಮಾರುವವರು ದುಪ್ಪಟ್ಟು ರೇಟು ಹೇಳಿದ್ದಾರೆ. ಕಂದು ಬಣ್ಣದ ಬಡಕಲು ಮರಿ ಕಮ್ಮಿ ಕ್ವಾಲಿಟಿ ಅಂದಿದ್ದಾರೆ. ವಿಜಯಪುರದಿಂದ ದುಡ್ಡು ಕಳಿಸುವ ಮುಂಚೆ ಕೇಳಿದೆಯಲ್ಲ, ಒಳ್ಳೆಯದಾಯಿತು. ನನ್ನ ಮಾತು ಕೇಳುವುದಾದರೆ ಆ ಕಂದು ಮರಿಯನ್ನು ನೋಡು.

ಬಿಳಿ ಮರಿ ಯಾಕೆ ಬೇಡ ಅಂತೀನಿ ಅಂದರೆ, ಹಿಂದೊಮ್ಮೆ ನಾನೇ ಅಂಥದ್ದನ್ನು ತಂದಿದ್ದೆ. ನೋಡಿದವರೆಲ್ಲ ಹೊಗಳುತ್ತಿದ್ದರು. ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಹಟಮಾರಿ ಅಂದುಕೊಂಡೆ, ಒಂದೆರಡು ಸಲ ಬೈದೆ ಕೂಡ. ಕಬ್ಬಿನ ಸೀಸನ್‌ನಲ್ಲಿ ಒಂದು ದಿನ ಹೊಲದ ದಾರಿಯಲ್ಲಿ ಮಲಗಿತ್ತು. ಹಿಂದಿನಿಂದ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಬಂತು, ಹಾರ್ನ್ ಹೊಡೆದೇ ಹೊಡೆದರು. ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ. ಡ್ರೈವರ್ ಬ್ರೇಕ್ ಹಾಕಿ ಉಳಿಸಿದ. ಅವತ್ತು ಗೊತ್ತಾಯಿತು, ಹುಟ್ಟಾ ಕಿವುಡು ಅಂತ. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಗಿವಿಗೂ ಬೇಕು. ಅಲ್ಲಿ ಅವು ಇಲ್ಲದಿದ್ದರೆ ಕಿವಿ ಕೆಲಸ ಮಾಡುವುದಿಲ್ಲ. ಎಲ್ಲ ಬಿಳಿ ನಾಯಿಯೂ ಕಿವುಡಲ್ಲ, ಆದರೆ ಅಪಾಯ ಜಾಸ್ತಿ. ತಮಿಳುನಾಡಿನ ರಾಜಪಾಳಯಂ ನಾಯಿಗೂ ಇದೇ ಕಾಟ. ಅಲ್ಲಿ ಅಚ್ಚ ಬಿಳಿ, ಗುಲಾಬಿ ಮೂಗೇ ಚೆಂದ ಅಂತ ಜನ ಆರಿಸುತ್ತಾ ಬಂದರು.

ಜನ ಯಾವುದನ್ನು ಮೆಚ್ಚಿ ದುಡ್ಡು ಕೊಡುತ್ತಾರೋ ಮುಂದಿನ ಸೂಲಿನಲ್ಲಿ ಅದೇ ಹುಟ್ಟುತ್ತದೆ. ಇಂಗ್ಲೆಂಡಿನಲ್ಲಿ ಹೋರಿಯ ಮೇಲೆ ಬುಲ್‌ಡಾಗ್ ಬಿಡುವ ಆಟ 1835ರಲ್ಲಿ ನಿಷೇಧವಾಯಿತು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಶ್ವಾನ ಪ್ರದರ್ಶನ ನಡೆಯಿತು, ಆಮೇಲೆ ಅದೇ ದೊಡ್ಡ ಶೋಕಿಯಾಯಿತು. ಕೆಲಸ ಹೋಯಿತು, ನೋಟ ಉಳಿಯಿತು. ಮೂತಿ ಒಳಗೆ ಹೋಯಿತು, ತಲೆ ದೊಡ್ಡದಾಯಿತು. ಈಗ ಬಹಳಷ್ಟು ಬುಲ್‌ಡಾಗ್ ಮರಿಗಳನ್ನು ತಾಯಿಯ ಹೊಟ್ಟೆ ಕುಯ್ದೇ ತೆಗೆಯಬೇಕು. ನಮ್ಮಲ್ಲೂ ಅಷ್ಟೇ, 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಪಗ್ ನಾಯಿಯ ಜಾಹೀರಾತು ಬಂದಮೇಲೆ ಎಲ್ಲರಿಗೂ ಪಗ್ ಬೇಕಾಯಿತು. ನಿಮ್ಮೂರಿನ ಮೇ ತಿಂಗಳ ಬಿಸಿಲಲ್ಲಿ ಆ ಚಪ್ಪಟೆ ಮೂಗಿನ ನಾಯಿ ಏದುಸಿರು ಬಿಡುವುದನ್ನು ನೋಡಿದ್ದೀಯಲ್ವಾ?

ಮುಧೋಳ ನಾಯಿಯ ಕಥೆ ಬೇರೆ. ಇದನ್ನು ರೂಪಿಸಿದ್ದು ಬೇಟೆಗಾರರ ಕಣ್ಣು. ಮೊಲದ ಹಿಂದೆ ಓಡಿ ಗೆದ್ದ ನಾಯಿಯ ಮರಿಗೆ ಬೆಲೆ ಇತ್ತು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಮೆಚ್ಚಿ ಬೆಳೆಸಿದ್ದು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟದ್ದು ಇಂಥ ನಾಯಿಗಳನ್ನೇ. ನಮ್ಮಜ್ಜ ಕತ್ತಲಲ್ಲೂ ನಾಯಿ ಆರಿಸುತ್ತಿದ್ದ. ಅಂಗೈಯನ್ನು ನಡುವಿನ ಮೇಲೆ ಇಟ್ಟು ಸೊಂಟದ ಎರಡೂ ಎಲುಬು ಮುಟ್ಟಿ ನೋಡುತ್ತಿದ್ದ. ಎಲುಬು ಎದ್ದಿರಬೇಕು, ನಡುವೆ ಬೆರಳು ಹರಡಲು ಜಾಗ ಇರಬೇಕು. "ಬಣ್ಣ ಏನ್ ಓಡತೈತೇನು?" ಅನ್ನುತ್ತಿದ್ದ.

ಈಗ ಬೇಟೆ ಇಲ್ಲ, ಇರಲೂಬಾರದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹೊಡೆಯುವುದು ಅಪರಾಧ. ಹಾಗಾಗಿ ಗೇಟಿನ ಮುಂದೆ ಭಾರಿ ಕಾಣುವ ನಾಯಿ ಬೇಕು ಅನ್ನುವವರು ಜಾಸ್ತಿಯಾಗಿದ್ದಾರೆ. ಅದಕ್ಕೆ ತಕ್ಕಂತೆ ಮಾರುವವರು ಗ್ರೇಹೌಂಡ್ ಮತ್ತಿತರ ತಳಿಗಳ ಜೊತೆ ಕ್ರಾಸ್ ಮಾಡಿಸಿ, ಮುಧೋಳ ಅಂತಲೇ ಮಾರುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುತ್ತದೆ. ನಮ್ಮ ಬಿಸಿಲು, ಕಲ್ಲು ನೆಲ, ಜೋಳದ ನುಚ್ಚಿಗೆ ಹೊಂದಿಕೊಂಡ ನಾಯಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೈನ್ಯದವರೂ ಒಯ್ದು ತರಬೇತಿ ಕೊಟ್ಟರು. ನಾವೇ ಕೆಡಿಸಿದರೆ ಹೇಗೆ?

ಇನ್ನು ನೀನು ಮಾಡಬೇಕಾದ್ದು. ಫೋಟೋ ನೋಡಿ ಮರಿ ತಗೋಬೇಡ. ಎರಡು ತಿಂಗಳ ಮರಿಯ ಹೊಟ್ಟೆ ಗುಂಡಗೇ ಇರುತ್ತದೆ, ಅದರಿಂದ ಏನೂ ತಿಳಿಯದು. ತಾಯಿಯನ್ನು ನೋಡು, ಸಾಧ್ಯವಾದರೆ ತಂದೆಯನ್ನೂ. ಉದ್ದ ಸಪೂರ ಮೂತಿ, ಕೆನ್ನೆಗೆ ಅಂಟಿದ ಜೋಲು ಕಿವಿ, ಆಳವಾದ ಎದೆ, ಮೇಲೆ ಎಳೆದುಕೊಂಡ ಹೊಟ್ಟೆ ಇರಬೇಕು. ಹಿಂದಿನ ಎರಡು ಮೂರು ಪಕ್ಕೆಲುಬು ಕಂಡರೆ ಹಸಿವಿನ ನಾಯಿ ಅಂದುಕೊಳ್ಳಬೇಡ, ಅದರ ಮೈಕಟ್ಟೇ ಹಾಗೆ. ಕಿವಿ ಪರೀಕ್ಷೆಗೆ ಮರಿಯನ್ನು ಬೇರೆ ಕೋಣೆಗೆ ಒಯ್ಯಿ. ಗುಂಪಿನಲ್ಲಿದ್ದರೆ ಕಿವುಡು ಮರಿಯೂ ಉಳಿದವನ್ನು ನೋಡಿ ತಿರುಗುತ್ತದೆ. ಅದಕ್ಕೆ ಕಾಣದಂತೆ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿ.

ಅನುಮಾನ ಇದ್ದರೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸು. ಬರುವ ದಿನ ಬೆಳಿಗ್ಗೆ ಬೇಗ ಬಾ. ಬಿಸಿಲೇರುವ ಮುಂಚೆ ತಾಯಿ ನಾಯಿಯನ್ನು ಖಾಲಿ ಹೊಲದಲ್ಲಿ ಬಿಡಲು ಹೇಳು, ಓಟ ನೋಡಿದ ಮೇಲೆಯೇ ರೇಟಿನ ಮಾತು ಎತ್ತು.