ಎರಡೇ ಸಲ ಎಂಬ ಲೆಕ್ಕ ಸಾಲದು

ನಿಮ್ಮ ಪತ್ರಕ್ಕೆ ಧನ್ಯವಾದ. ಪೋಪರು ತಮ್ಮ ಅಪ್ರಮಾದ (ಅಂದರೆ ತಪ್ಪಾಗಲಾರದ) ಬೋಧನಾಧಿಕಾರವನ್ನು ಎರಡೇ ಸಲ ಬಳಸಿದ್ದಾರೆ ಎಂದು ನಮ್ಮ ಲೇಖನ ಹೇಳಿತ್ತು. ಹಾಗಿದ್ದರೆ ಮಿಕ್ಕ ಬೋಧನೆಗಳನ್ನು ಕಥೋಲಿಕರು ಒಪ್ಪಲೂಬಹುದು, ಬಿಡಲೂಬಹುದು ಅಲ್ಲವೇ ಎಂದು ಕೇಳಿದ್ದೀರಿ. ಜೊತೆಗೆ, ಏಳನೇ ಶತಮಾನದ ಪೋಪ್ ಹೊನೋರಿಯಸ್ ಒಬ್ಬರ ಉದಾಹರಣೆಯೇ ಈ ಸಿದ್ಧಾಂತವನ್ನು ಉರುಳಿಸಲು ಸಾಕು ಎಂದಿದ್ದೀರಿ.

ಹೊನೋರಿಯಸರ ವಿಷಯ ಮೊದಲು ಮುಗಿಸೋಣ. ಕ್ರಿಸ್ತನಲ್ಲಿ ಇದ್ದದ್ದು ಒಂದೇ ಸಂಕಲ್ಪ ಎಂಬ ವಾದಕ್ಕೆ ಅವರು ಪತ್ರದಲ್ಲಿ ಇಂಬು ಕೊಟ್ಟರು. ಅವರು ತೀರಿಕೊಂಡು ದಶಕಗಳಾದ ಮೇಲೆ, 680–681ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವರನ್ನು ಖಂಡಿಸಿತು. ಪೋಪರು ವಿಶ್ವಾಸದ ವಿಷಯದಲ್ಲಿ ಎಂದೂ ಎಡವುವುದಿಲ್ಲ ಎನ್ನುವವರಿಗೆ ಇದು ದೊಡ್ಡ ಪೆಟ್ಟೇ. ಆದರೆ ಈ ಸಿದ್ಧಾಂತವನ್ನು ನಿರ್ಣಯಿಸಿದ ಮೊದಲ ವ್ಯಾಟಿಕನ್ ಮಹಾಸಭೆ (1869–70ರ ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಸಭೆ) ಹಾಗೆ ಹೇಳಲೇ ಇಲ್ಲ. ಎಲ್ಲ ಕ್ರೈಸ್ತರ ಪಾಲಕ ಮತ್ತು ಬೋಧಕನ ಸ್ಥಾನದಿಂದ, ಪರಮ ಪ್ರೇಷಿತ ಅಧಿಕಾರ ಬಳಸಿ, ವಿಶ್ವಾಸ ಅಥವಾ ನೀತಿಯ ಒಂದು ಬೋಧನೆಯನ್ನು ಇಡೀ ಧರ್ಮಸಭೆ ಪಾಲಿಸಬೇಕೆಂದು ನಿರ್ಣಯಿಸಿದಾಗ ಮಾತ್ರ ಅದು ಅಪ್ರಮಾದ. ಹೊನೋರಿಯಸರ ಪತ್ರ ಈ ಚೌಕಟ್ಟಿನೊಳಗೆ ಬರುವುದಿಲ್ಲ. ಚೌಕಟ್ಟನ್ನು ಹಾಕಿದ್ದು ಹನ್ನೆರಡು ಶತಮಾನಗಳ ನಂತರ ಎಂದು ನೀವು ಕುಟುಕಿದರೆ, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಈ ಚೌಕಟ್ಟು ಸುಲಭವಾಗಿ ಸಿದ್ಧವಾದದ್ದಲ್ಲ. 1870ರ ಜುಲೈ 13ರ ಮತದಾನದಲ್ಲಿ 88 ಮಂದಿ ಬೇಡ ಎಂದರು, 62 ಮಂದಿ ತಿದ್ದುಪಡಿ ಕೇಳಿದರು. ಐದು ದಿನಗಳ ನಂತರ ಅಂತಿಮ ಮತದಾನದಲ್ಲಿ ಪರವಾಗಿ 533 ಮತ ಬಿದ್ದರೆ ವಿರೋಧ ಎರಡೇ! ಪೋಪರ ಎದುರಿಗೇ ಬೇಡ ಎನ್ನಲು ಮನಸ್ಸಾಗದೆ ವಿರೋಧಿಗಳು ಬಹುಪಾಲು ಆಗಲೇ ರೋಮ್ ಬಿಟ್ಟಿದ್ದರು. ಸಿದ್ಧಾಂತವನ್ನು ಮಂಡಿಸಿದ ಧರ್ಮಾಧ್ಯಕ್ಷ ಗಾಸರ್ ಕೂಡ ಸಭೆಗೆ ವಿವರಿಸಿದ್ದು ಮಿತಿಯನ್ನೇ: ಯಾವ ಎಲ್ಲೆಯೂ ಇಲ್ಲದ ಅಪ್ರಮಾದತೆ ದೇವರೊಬ್ಬನಿಗೇ ಸಲ್ಲುತ್ತದೆ. ಬೆಳಗಿನ ಪತ್ರಿಕೆಯ ಜೊತೆ ದಿನಕ್ಕೊಂದು ಪೋಪ್ ಆಜ್ಞೆ ಬರಲಿ ಎಂದು ಆಸೆಪಟ್ಟ ಇಂಗ್ಲೆಂಡಿನ ವಾರ್ಡ್ ಅವರಂಥವರಿಗೆ ನಿರಾಸೆಯೇ ಆಗಿರಬೇಕು.

ಎರಡು ಸಲ ಎಂದು ನಾವು ಎಣಿಸಿದ್ದು 1854ರ ಅಮಲೋದ್ಭವ (ಮಾತೆ ಮರಿಯಳು ಜನ್ಮಪಾಪವಿಲ್ಲದೆ ಗರ್ಭದಲ್ಲಿ ಉದಿಸಿದಳು ಎಂಬ ಬೋಧನೆ) ಮತ್ತು 1950ರ ಸ್ವರ್ಗಸ್ವೀಕಾರವನ್ನು (ಅವಳು ದೇಹಾತ್ಮಸಹಿತ ಸ್ವರ್ಗಕ್ಕೆ ಸ್ವೀಕೃತಳಾದಳು ಎಂಬ ಬೋಧನೆ). ಆದರೆ ಅಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ಪ್ರಕಾರ, ಪೋಪರು ಅಂತಿಮ ನಿರ್ಣಯವಾಗಿ ಹೇಳದ ಅಧಿಕೃತ ಬೋಧನೆಗೂ ಬುದ್ಧಿ ಮತ್ತು ಮನಸ್ಸಿನ ಗೌರವಪೂರ್ವಕ ಒಪ್ಪಿಗೆ ಸಲ್ಲಬೇಕು. ಕೃತಕ ಗರ್ಭನಿರೋಧವನ್ನು ನಿಷೇಧಿಸಿದ 1968ರ ವಿಶ್ವಪತ್ರ (ಇಡೀ ಧರ್ಮಸಭೆಗೆ ಪೋಪರು ಬರೆಯುವ ಪತ್ರ) ಬಿಡುಗಡೆಯಾದಾಗ, ಅದು ಅಪ್ರಮಾದ ನಿರ್ಣಯವಲ್ಲ ಎಂದು ವ್ಯಾಟಿಕನ್ ಪರವಾಗಿ ಮಾತಾಡಿದವರೇ ಹೇಳಿದರು. ಹಾಗೆಂದು ಅದನ್ನು ಬೇಕಾದರೆ ಬಿಡಬಹುದು ಎಂದು ಅವರು ಅನ್ನಲಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ.

ನನ್ನ ಮಟ್ಟಿಗೆ ಈ ಚರ್ಚೆಯ ನಿಜವಾದ ಗಂಟು ಇರುವುದು ಬೇರೆ ಕಡೆ. ಜಗತ್ತಿನೆಲ್ಲೆಡೆ ಹರಡಿರುವ ಧರ್ಮಾಧ್ಯಕ್ಷರು ಪೋಪರೊಂದಿಗೆ ಒಮ್ಮತದಿಂದ, ಇದನ್ನು ಅಂತಿಮವೆಂದು ಪಾಲಿಸಬೇಕೆಂದು ಬೋಧಿಸಿದರೆ ಅದೂ ಅಪ್ರಮಾದ. ಅಲ್ಲಿ ಘೋಷಣೆಯಿಲ್ಲ, ತಾರೀಕಿಲ್ಲ. ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರ ಧರ್ಮಸಭೆಗೆ ಇಲ್ಲ ಎಂದು ಎರಡನೇ ಜಾನ್ ಪಾಲ್ 1994ರಲ್ಲಿ ಬರೆದರು. ಮರುವರ್ಷ ವ್ಯಾಟಿಕನ್‌ನ ವಿಶ್ವಾಸ ಸಿದ್ಧಾಂತ ವಿಭಾಗ, ಈ ಬೋಧನೆ ಇಂಥ ಒಮ್ಮತದ ದಾರಿಯಲ್ಲೇ ಅಪ್ರಮಾದವಾಗಿದೆ ಎಂದಿತು. ವಿಭಾಗದ ಆ ಮಾತು ಮಾತ್ರ ತಾನೇ ಅಪ್ರಮಾದವಲ್ಲ! ಸ್ಪಷ್ಟವಾಗಿ ಸಾಬೀತಾಗದ ಹೊರತು ಯಾವುದನ್ನೂ ಅಪ್ರಮಾದ ನಿರ್ಣಯವೆಂದು ಎಣಿಸಬಾರದು ಎಂದು ಧರ್ಮಸಭೆಯ ಕಾನೂನಿನ 749ನೇ ವಿಧಿ ಹೇಳುತ್ತದೆ.

ಹನ್ನೆರಡನೇ ಪಯಸ್ 1950ರ ಘೋಷಣೆಗೆ ಮುನ್ನ, 1946ರಲ್ಲಿ, ಎಲ್ಲ ಧರ್ಮಾಧ್ಯಕ್ಷರಿಗೂ ಪತ್ರ ಬರೆದು ಅಭಿಪ್ರಾಯ ಕೇಳಿದ್ದರು. ಸ್ತ್ರೀಯರ ಗುರುದೀಕ್ಷೆಯ ಬಗ್ಗೆ ವಿಭಾಗ ಕೊಟ್ಟ 1995ರ ಉತ್ತರದಲ್ಲಿ ಅಂಥ ವಿಚಾರಣೆಯ ಉಲ್ಲೇಖವಿಲ್ಲ. ಒಮ್ಮತವನ್ನು ತೋರಿಸಿಕೊಡಿ ಎಂದು ಕೇಳುವ ದೇವಶಾಸ್ತ್ರಜ್ಞರು 1870ರ ಸಿದ್ಧಾಂತವನ್ನು ಅಲ್ಲಗಳೆಯಬೇಕಾಗಿಲ್ಲ, ಅದು ಹಾಕಿದ ಷರತ್ತಿನ ಬಿಗಿಯನ್ನೇ ಇಲ್ಲೂ ಕೇಳುತ್ತಿದ್ದಾರೆ.

– ಸಂಪಾದಕ